ಕೈಯಿಂದ ಇಳಿದ ಎಲೆ: ‘ಡಿಸ್ಕಾರ್ಡ್’ ಎಂಬ ಪದದ ಸುತ್ತ

ಕೆಲವು ವರ್ಷಗಳ ಹಿಂದೆ ಲಸಿಕೆ ಹಾಕುವ ಆರೋಗ್ಯ ಸಿಬ್ಬಂದಿಗಾಗಿ ಬರೆದಿದ್ದ ಒಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ‘ಡಿಸ್ಕಾರ್ಡ್’ ಎಂಬ ಕ್ರಿಯಾಪದ ಪುಟಕ್ಕೊಂದು ಸಲವಾದರೂ ಎದುರಾಗುತ್ತಿತ್ತು. ಪುಡಿಯ ರೂಪದಲ್ಲಿ ಬರುವ ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಗಳಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಗಳೊಳಗೆ ಅವನ್ನು ಬಳಸಿ ಮುಗಿಸಬೇಕು, ಉಳಿದರೆ ‘ಡಿಸ್ಕಾರ್ಡ್’. ಸೂಜಿಯ ತುದಿಗೆ ಕೈ ತಗುಲಿದರೆ ‘ಡಿಸ್ಕಾರ್ಡ್’. ಬಾಟಲಿಯ ಮೇಲಿನ ಚೀಟಿ ಅಳಿಸಿಹೋಗಿದ್ದರೆ ‘ಡಿಸ್ಕಾರ್ಡ್’. ನಾನು ಹೆಚ್ಚು ಯೋಚಿಸದೆ, ನಿಘಂಟಿನಲ್ಲಿ ಮೊದಲು ಸಿಕ್ಕ ಗೌರವಯುತ ಪದವಾದ ‘ತ್ಯಜಿಸಿ’ ಎಂಬುದನ್ನು ಎಲ್ಲ ಕಡೆಗೂ ಹಾಕಿಬಿಟ್ಟೆ.

ಕರಡನ್ನು ಓದಿ ನೋಡಲು ಕರೆದಿದ್ದ ಸಭೆಯಲ್ಲಿ, ಹಳ್ಳಿಹಳ್ಳಿಗೆ ಹೋಗಿ ಲಸಿಕೆ ಹಾಕುವ ಹಿರಿಯ ಸಿಸ್ಟರ್ ಒಬ್ಬರು ಆ ಪದದ ಮೇಲೆ ಬೆರಳಿಟ್ಟು ಕೇಳಿದರು: “ಸರ್, ತ್ಯಜಿಸಿ ಅಂದ್ರೆ ಏನು ಮಾಡ್ಬೇಕು? ಅಲ್ಲೇ ಚೆಲ್ಲಬೇಕಾ, ಕಸದ ಬುಟ್ಟಿಗೆ ಹಾಕ್ಬೇಕಾ, ವಾಪಸ್ ತಗೊಂಡು ಬರ್ಬೇಕಾ?”

ನನ್ನಲ್ಲಿ ಉತ್ತರವಿರಲಿಲ್ಲ. ಮೂರೂ ಬೇರೆ ಬೇರೆ ಕೆಲಸಗಳು, ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿವೆ, ಮತ್ತು ನಾನು ಆರಿಸಿದ್ದ ಪದ ಆ ಮೂರರಲ್ಲಿ ಯಾವುದನ್ನೂ ಹೇಳುತ್ತಿರಲಿಲ್ಲ. ಅಂದಿನಿಂದ ಈ ಒಂದು ಇಂಗ್ಲಿಷ್ ಪದವನ್ನು ಎಲ್ಲಿ ಕಂಡರೂ ನಿಂತು ನೋಡುವ ಅಭ್ಯಾಸವಾಗಿದೆ.

ಪದದೊಳಗೆ ಅದರ ಹುಟ್ಟು ಬಚ್ಚಿಟ್ಟುಕೊಂಡೇನೂ ಇಲ್ಲ, ನಾವು ಗಮನಿಸುವುದಿಲ್ಲ ಅಷ್ಟೆ. ಅದರಲ್ಲಿರುವ ‘ಕಾರ್ಡ್’ ನಿಜವಾಗಿಯೂ ಇಸ್ಪೀಟಿನ ಕಾರ್ಡೇ. ‘ಡಿಸ್’ ಎಂಬುದು ಬೇರ್ಪಡಿಸುವಿಕೆಯನ್ನು ಸೂಚಿಸುವ ಲ್ಯಾಟಿನ್ ಮೂಲದ ಉಪಸರ್ಗ. ಅಂದಿನ ಫ್ರೆಂಚಿನಲ್ಲಿ ಇಸ್ಪೀಟು ಆಡುವವರು ಬಳಸುತ್ತಿದ್ದ ‘ದೆಸ್ಕಾರ್ತೆ’ ಎಂಬ ಪದದ ಮಾದರಿಯಲ್ಲಿ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ಇಂಗ್ಲಿಷಿಗೆ ಬಂದಿತು. ಕೈಯಲ್ಲಿ ಹಿಡಿದ ಎಲೆಗಳಲ್ಲಿ ತನ್ನ ಆಟಕ್ಕೆ ಹೊಂದದ ಒಂದನ್ನು ಆರಿಸಿ ಕೆಳಗಿಳಿಸುವುದು ಎಂಬುದೇ ಅದರ ಮೊದಲ ಅರ್ಥ. ಇಟಾಲಿಯನ್ನಿನ ‘ಸ್ಕಾರ್ತಾರೆ’, ಸ್ಪ್ಯಾನಿಷಿನ ‘ದೆಸ್ಕಾರ್ತಾರ್’ ಇವೆಲ್ಲ ಒಂದೇ ಮೇಜಿನ ಸುತ್ತ ಕುಳಿತ ಪದಗಳು. ಸ್ಪ್ಯಾನಿಷಿನಲ್ಲಂತೂ ಒಂದು ಸಾಧ್ಯತೆಯನ್ನು ಲೆಕ್ಕದಿಂದ ಬಿಡುವುದಕ್ಕೂ ಇದೇ ಪದ ನಡೆಯುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ‘ಕಾರ್ಡ್’ ಎಂಬುದು ಲ್ಯಾಟಿನ್ನಿನ ‘ಖಾರ್ತಾ’, ಅದಕ್ಕೂ ಹಿಂದೆ ಪ್ಯಾಪಿರಸ್ ಹಾಳೆಯನ್ನು ಹೆಸರಿಸುವ ಗ್ರೀಕ್ ಪದ. ಇಲ್ಲಿ ನನ್ನ ಮನಸ್ಸು ತಟ್ಟನೆ ಕನ್ನಡಕ್ಕೆ ಮರಳುತ್ತದೆ, ಏಕೆಂದರೆ ನಾವು ಇಸ್ಪೀಟಿನ ಕಾರ್ಡನ್ನು ‘ಎಲೆ’ ಎನ್ನುತ್ತೇವೆ. ಎಲೆ ಹಾಕು, ಎಲೆ ಕಲೆಸು, ಎಲೆ ಎತ್ತು, ಎಲೆ ಇಳಿಸು. ಗಿಡದಿಂದ ಬಂದ ಹಾಳೆಯ ನೆನಪನ್ನು ಎರಡು ಭಾಷೆಗಳು ಒಂದನ್ನೊಂದು ಕೇಳದೆ ಉಳಿಸಿಕೊಂಡಿವೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಜಗುಲಿಯಲ್ಲಿ ನಡೆಯುತ್ತಿದ್ದ ರಮ್ಮಿ ಆಟವೇ ಈ ಪದವನ್ನು ನನಗೆ ಕಲಿಸಿದ್ದು, ಆದರೆ ಆಗ ಪದ ತಿಳಿದಿರಲಿಲ್ಲ. ಕೈಯಲ್ಲಿ 13 ಎಲೆ. ಸರದಿ ಬಂದಾಗ ಒಂದನ್ನು ಎತ್ತಬೇಕು, ಒಂದನ್ನು ಇಳಿಸಬೇಕು. ಇಳಿಸದೆ ಎತ್ತಿಕೊಳ್ಳುವಂತಿಲ್ಲ, ಎತ್ತದೆ ಇಳಿಸುವಂತಿಲ್ಲ. ಆಠೀನು ರಾಣಿಯನ್ನು ಸಿಟ್ಟಿನಿಂದ ಕುಕ್ಕಿದ ನನಗೆ ಸೋದರಮಾವ ಒಮ್ಮೆ ಹೇಳಿದ್ದರು: “ಅದೇನು ಕೆಟ್ಟ ಎಲೆ ಅಲ್ಲ ಕಣೋ, ನಿನಗೆ ಜೋಡಿ ಆಗಲಿಲ್ಲ ಅಷ್ಟೆ. ಇಳಿಸೋಕೆ ಮುಂಚೆ ಪಕ್ಕದವನು ಏನು ಎತ್ತಿಕೊಂಡ ಅಂತ ನೋಡು.” ಆ ಸುತ್ತಿನಲ್ಲೇ ಪಕ್ಕದಲ್ಲಿದ್ದ ದೊಡ್ಡಪ್ಪನ ಮಗ ಅದೇ ರಾಣಿಯನ್ನು ಎತ್ತಿಕೊಂಡು ಆಟ ಮುಗಿಸಿದ.

ಪದದ ಅರ್ಥಕ್ಕೆ ಬೇಕಾದದ್ದೆಲ್ಲ ಈ ಆಟದಲ್ಲಿದೆ. ಡಿಸ್ಕಾರ್ಡ್ ಮಾಡುವುದಕ್ಕೆ ಮೊದಲು ಆ ವಸ್ತು ನಮ್ಮ ಕೈಯಲ್ಲಿರಬೇಕು. ಕೈಗೇ ಬಾರದುದನ್ನು ಡಿಸ್ಕಾರ್ಡ್ ಮಾಡಲು ಬರುವುದಿಲ್ಲ, ಅದನ್ನು ನಿರಾಕರಿಸಬಹುದು ಮಾತ್ರ. ನಾವು ಅದನ್ನು ಉಳಿದವುಗಳ ಜೊತೆಗಿಟ್ಟು ನೋಡಿ, ಬೇಡವೆಂದು ತೀರ್ಮಾನಿಸಿರಬೇಕು. ಕೈಜಾರಿ ಬಿದ್ದದ್ದು, ಕಳೆದುಹೋದದ್ದು ಡಿಸ್ಕಾರ್ಡ್ ಆಗದು. ಮತ್ತು ಇಳಿದ ಎಲೆ ನಾಶವಾಗುವುದಿಲ್ಲ. ಅದು ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ, ಮುಖ ಮೇಲಾಗಿ ಬಿದ್ದಿರುತ್ತದೆ.

ಕ್ರಿಯಾಪದವಾಗಿ ಬಳಸುವಾಗ ಇಂಗ್ಲಿಷಿನವರು ಎರಡನೆಯ ಭಾಗವಾದ ‘ಕಾರ್ಡ್’ ಮೇಲೆ ಒತ್ತು ಕೊಡುತ್ತಾರೆ. ಬಿಟ್ಟ ವಸ್ತುವನ್ನು ಹೆಸರಿಸುವ ನಾಮಪದವಾದಾಗ ಒತ್ತು ಮೊದಲಿನ ‘ಡಿಸ್’ ಮೇಲೆ ಬೀಳುತ್ತದೆ. ನಾವು ಕನ್ನಡದಲ್ಲಿ ‘ಡಿಸ್ಕಾರ್ಡ್ ಮಾಡು’ ಎಂದು ಒಂದು ‘ಮಾಡು’ ಸೇರಿಸಿಕೊಂಡು ಆ ಗೊಡವೆಯಿಂದ ಪಾರಾಗುತ್ತೇವೆ. ಆದರೆ ನಮ್ಮ ಲಿಪಿಯಲ್ಲಿ ಇನ್ನೊಂದು ತೊಡಕಿದೆ. ವೈಮನಸ್ಯ, ಅಪಸ್ವರ ಎಂಬ ಅರ್ಥದ ಇನ್ನೊಂದು ಇಂಗ್ಲಿಷ್ ಪದವನ್ನೂ ನಾವು ‘ಡಿಸ್ಕಾರ್ಡ್’ ಎಂದೇ ಬರೆಯುತ್ತೇವೆ. ಅದರ ಬೇರು ಹೃದಯವನ್ನು ಹೇಳುವ ಲ್ಯಾಟಿನ್ ‘ಕೋರ್’, ಇದರ ಬೇರು ಕಾಗದದ ಎಲೆ. ಕಿವಿಗೆ ಹತ್ತಿರವಾದ ಈ ಎರಡು ಪದಗಳ ನಡುವೆ ನೆಂಟಸ್ತಿಕೆಯಿಲ್ಲ.

ಇಂಗ್ಲಿಷಿನಲ್ಲಿ ಬಿಸಾಡುವುದಕ್ಕೆ ಪದಗಳ ಕೊರತೆಯೇನೂ ಇಲ್ಲ, ಮತ್ತು ಅವುಗಳಲ್ಲಿ ಹಲವು ತಮ್ಮ ಹುಟ್ಟೂರನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತವೆ. ‘ಜೆಟಿಸನ್’ ಹುಟ್ಟಿದ್ದು ಹಡಗಿನ ಮೇಲೆ: ಬಿರುಗಾಳಿಯಲ್ಲಿ ಮುಳುಗುವ ಹಡಗನ್ನು ಹಗುರಗೊಳಿಸಲು ಸರಕನ್ನು ಕಡಲಿಗೆ ಎಸೆಯುವುದು ಅದರ ಅರ್ಥ. ಒಬ್ಬನ ಸರಕನ್ನು ಎಲ್ಲರ ಉಳಿವಿಗಾಗಿ ಎಸೆದರೆ ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ನಿಯಮ ರೋಮನ್ ಕಾನೂನಿನಲ್ಲೇ ಇತ್ತು, ಇಂದಿನ ಕಡಲ ವಿಮೆಯಲ್ಲೂ ಉಳಿದಿದೆ. ‘ಡಿಚ್’ ಎಂಬುದರಲ್ಲಿ ದಾರಿಬದಿಯ ಹಳ್ಳವಿದೆ. ಅಲ್ಲೆಲ್ಲ ಅವಸರವಿದೆ, ಸಂಕಟವಿದೆ. ಡಿಸ್ಕಾರ್ಡ್‌ನಲ್ಲಿ ಇರುವುದು ಕುಳಿತು ಯೋಚಿಸಿದ ಆಯ್ಕೆ.

ಈಗ ಕನ್ನಡದ ಕಡೆ ನೋಡೋಣ. ನಮ್ಮಲ್ಲಿ ವಸ್ತುವಿನ ಗುಣಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ. ಹಳಸಿದ ಸಾರನ್ನು ಚೆಲ್ಲುತ್ತೇವೆ, ಯಾರೂ ಸಾರನ್ನು ಎಸೆಯುವುದಿಲ್ಲ. ಕಲ್ಲನ್ನು ಎಸೆಯುತ್ತೇವೆ, ಚೆಲ್ಲುವುದಿಲ್ಲ. ಹಳಗನ್ನಡದ ‘ಬಿಸುಡು’ ಕರಾವಳಿಯಲ್ಲಿ ‘ಬಿಸಾಡು’ ಆಗಿ, ಮೈಸೂರು ಬೆಂಗಳೂರಿನ ಕಡೆ ‘ಬಿಸಾಕು’ ಆಗಿ ಇಂದಿಗೂ ಬದುಕಿದೆ. ಧಾರವಾಡದ ಕಡೆಗೆ ಹೋದರೆ ‘ಒಗಿ’ ಎಂದರೆ ಎಸೆ ಎಂದರ್ಥ; ಮೈಸೂರಿನ ಕಡೆಯವರಿಗೆ ‘ಒಗೆ’ ಎಂದರೆ ಬಟ್ಟೆ ತೊಳೆ. ಆ ಹಳೇ ಅಂಗಿ ಒಗಿ ಎಂದು ಹುಬ್ಬಳ್ಳಿಯ ಗೆಳೆಯ ಹೇಳಿದಾಗ ಮೈಸೂರಿನವನು ಅದನ್ನು ಸಾಬೂನು ಹಾಕಿ ಒಗೆದು ಒಣಹಾಕುವ ಸಾಧ್ಯತೆ ಇದ್ದೇ ಇದೆ. ದೇವರ ಮೇಲಿಂದ ತೆಗೆದ ಹೂವಿಗೆ ಇವು ಯಾವುವೂ ಸಲ್ಲುವುದಿಲ್ಲ. ಅದು ನಿರ್ಮಾಲ್ಯ, ಅದನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೋ ನೀರಿಗೋ ವಿಸರ್ಜಿಸಬೇಕು. ಕಚೇರಿಯಲ್ಲಿ ಕಡತಕ್ಕೂ ಬೀದಿಯಲ್ಲಿ ಕಸಕ್ಕೂ ಒಂದೇ ಪದ, ‘ವಿಲೇವಾರಿ’. ಇನ್ನು ಹಳೆಯ ಸೀರೆಗೆ ಬಿಸಾಡು ಎಂಬ ಮಾತೇ ಬಹಳ ತಡವಾಗಿ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ತುಂಡುತುಂಡಾಗಿ ಕೌದಿಯೊಳಗೆ ಸೇರಿ ಹೊದಿಕೆಯಾಗಿ ಇನ್ನೊಂದು ತಲೆಮಾರನ್ನು ಬೆಚ್ಚಗಿಡುತ್ತದೆ. ಉಳಿದ ಕಡೆ ಮಸಿಬಟ್ಟೆಯಾಗಿ ಒಲೆಯ ಬಳಿ ಕೊನೆಯ ದಿನಗಳನ್ನು ಕಳೆಯುತ್ತದೆ.

ಇಷ್ಟು ಸೂಕ್ಷ್ಮವಾದ ಪದಸಂಪತ್ತಿರುವ ಭಾಷೆಯಲ್ಲಿ ಡಿಸ್ಕಾರ್ಡ್‌ಗೆ ನಾವು ಸಾಮಾನ್ಯವಾಗಿ ಏನು ಬರೆಯುತ್ತೇವೆ? ತಿರಸ್ಕರಿಸು, ತ್ಯಜಿಸು, ಎರಡರಲ್ಲಿ ಒಂದು. ನನ್ನ ತಕರಾರು ಇರುವುದು ಇಲ್ಲಿಯೇ. ‘ತಿರಸ್ಕಾರ’ ಎಂಬುದರಲ್ಲಿ ವಸ್ತುವಿನ ಮೇಲಿನ ಅವಹೇಳನ ಸೇರಿಕೊಂಡಿದೆ; ತಿರಸ್ಕೃತವಾದದ್ದು ಕೀಳು ಎಂಬ ತೀರ್ಪು ಆ ಪದದ ಜೊತೆಗೇ ಬರುತ್ತದೆ. ‘ತ್ಯಾಗ’ದಲ್ಲಿ ಬಿಡುವವನ ದೊಡ್ಡತನ ಸೇರಿಕೊಂಡಿದೆ, ರಾಜ್ಯವನ್ನು ತ್ಯಜಿಸಬಹುದು, ಸಂಸಾರವನ್ನು ತ್ಯಜಿಸಬಹುದು, ಅವಧಿ ಮೀರಿದ ಕಣ್ಣಿನ ಹನಿಯ ಬಾಟಲಿಯನ್ನು ತ್ಯಜಿಸುವುದು ಹೇಗೆ? ಒಂದು ಪದ ವಸ್ತುವನ್ನು ಹೀಗಳೆಯುತ್ತದೆ, ಇನ್ನೊಂದು ಬಿಡುವವನನ್ನು ಹೊಗಳುತ್ತದೆ. ಮೂಲದ ಇಂಗ್ಲಿಷ್ ಪದ ಎರಡನ್ನೂ ಮಾಡುವುದಿಲ್ಲ. ಬರೆದು ಕಳುಹಿಸದೆ ಉಳಿದ ಕಾಗದವನ್ನು ಅಳಿಸುವಾಗ ನನ್ನ ಫೋನಿನ ಪರದೆಯ ಮೇಲೆ ‘ತ್ಯಜಿಸಿ’ ಎಂಬ ಗುಂಡಿ ಬರುತ್ತದೆ. ‘ಬೇಡ, ಬಿಡಿ’ ಎಂದಿದ್ದರೆ ಓದು ಬರೆಹ ಕಡಿಮೆಯಿರುವವರಿಗೂ ಅದು ತಿಳಿಯುತ್ತಿತ್ತು ಎಂದು ಪ್ರತಿಸಲವೂ ಅನ್ನಿಸುತ್ತದೆ.

ಬಹಳ ದಿನ ಯೋಚಿಸಿದ ಮೇಲೆ ನನಗೆ ಈ ಪದದ ಅತ್ಯಂತ ಹತ್ತಿರದ ಕನ್ನಡ ಹೊಳೆದದ್ದು ‘ಕೈಬಿಡು’. ಇಂಗ್ಲಿಷ್ ಪದ ಕೈಯಲ್ಲಿರುವ ಎಲೆಯನ್ನು ಉಳಿಸಿಕೊಂಡರೆ, ನಮ್ಮ ಪದ ಎಲೆಯನ್ನು ಹಿಡಿದ ಕೈಯನ್ನೇ ಉಳಿಸಿಕೊಂಡಿದೆ. ಯೋಜನೆಯನ್ನು ಕೈಬಿಡುತ್ತೇವೆ, ವಾದವನ್ನು ಕೈಬಿಡುತ್ತೇವೆ, ತಂಡದ ಪಟ್ಟಿಯಿಂದ ಆಟಗಾರನನ್ನು ಕೈಬಿಡುತ್ತಾರೆ. ಅವಹೇಳನವಿಲ್ಲ, ಹೊಗಳಿಕೆಯೂ ಇಲ್ಲ. ಆದರೆ ಮನುಷ್ಯರ ವಿಷಯಕ್ಕೆ ಬಂದಾಗ ಇದೇ ಪದ ಎದೆಗೆ ನಾಟುತ್ತದೆ: ಮಕ್ಕಳು ಕೈಬಿಟ್ಟರು, ದೇವರೂ ಕೈಬಿಟ್ಟ.

ಡಿಸ್ಕಾರ್ಡ್ ಕೂಡ ಮೇಜಿನಿಂದ ಎದ್ದು ಬಹುಬೇಗ ಮನುಷ್ಯರ ಕಡೆಗೆ ನಡೆಯಿತು. ಅಂದಿನ ಇಂಗ್ಲೆಂಡಿನಲ್ಲಿ ಆಳನ್ನು ಕೆಲಸದಿಂದ ತೆಗೆಯುವುದಕ್ಕೂ ಇದೇ ಪದ ಸಲ್ಲುತ್ತಿತ್ತು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿಯ ನಾಟಕದ ಮೊದಲ ಭಾಗದಲ್ಲಿ ಫಾಲ್‌ಸ್ಟಾಫ್ ತಾನು ಕೂಡಿಹಾಕಿದ ಬಡಕಲು ಸೈನಿಕರನ್ನು ಎಣಿಸುವಾಗ, ಯಜಮಾನರು ಕೆಲಸದಿಂದ ತೆಗೆದ ಆಳುಗಳನ್ನು ಈ ಪದದಿಂದಲೇ ಹೆಸರಿಸುತ್ತಾನೆ. ಪದ ಇಂಗ್ಲಿಷಿಗೆ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. 1606ರ ಡಿಸೆಂಬರ್ 26ರಂದು ಅರಮನೆಯಲ್ಲಿ ಆಡಿದ ‘ಲಿಯರ್ ದೊರೆ’ಯ ಮೂರನೆಯ ಅಂಕದಲ್ಲಿ ಆ ಪದ ಬೀಳುವ ಜಾಗ ಇನ್ನೂ ಘೋರವಾದದ್ದು. ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡ ಮೇಲೆ ಮಳೆಗಾಳಿಯ ಬಯಲಲ್ಲಿ ನಿಂತ ಮುದುಕ, ಅರೆಬತ್ತಲಾಗಿ ಹುಚ್ಚನ ವೇಷದಲ್ಲಿದ್ದ ಎಡ್ಗರನನ್ನು ಕಂಡು, ಇವನನ್ನೂ ಇವನ ಹೆಣ್ಣುಮಕ್ಕಳೇ ಈ ಗತಿಗೆ ತಂದಿರಬೇಕೆಂದು ನಂಬುತ್ತಾನೆ. ಡಿಸ್ಕಾರ್ಡ್ ಆದ ತಂದೆಯರು ತಮ್ಮ ಮೈಗೆ ತಾವೇ ಹೀಗೆ ಕರುಣೆಯಿಲ್ಲದೆ ನಡೆದುಕೊಳ್ಳುವುದು ಈಗಿನ ರೂಢಿಯೇ ಎಂದು ಕೇಳುತ್ತಾನೆ. ರಾಜ್ಯವನ್ನು ಹಂಚಿಕೊಳ್ಳುವವರೆಗೆ ಕೈಯಲ್ಲಿದ್ದ ರಾಜನ ಎಲೆ, ಹಂಚಿಕೊಂಡ ಮೇಲೆ ಯಾರ ಜೋಡಿಗೂ ಹೊಂದದ ಎಲೆ. ಇಸ್ಪೀಟಿನ ಪದ ಅಲ್ಲಿ ಹೀಗೆ ನಾಟುತ್ತದೆ ಎಂದು ಆ ಸಾಲನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ.

ಆ ಸಾಲಿನಿಂದ ನನ್ನ ನೆನಪು ಹೋಗುವುದು ಪಂಪನ ಕಡೆಗೆ. 10ನೆಯ ಶತಮಾನದ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಲೋಕದ ಮಾತಿಗೆ ಹೆದರಿದ ಕುಂತಿ ಹೆತ್ತ ಕೂಸನ್ನು ಗಂಗೆಗೆ ಹಾಕುವ ಸಂದರ್ಭಕ್ಕೆ ಪಂಪ ಆರಿಸಿಕೊಂಡ ಕ್ರಿಯಾಪದ ‘ಈಡಾಡು’, ಅಂದರೆ ಎಸೆ, ಚೆಲ್ಲು. ಅಷ್ಟಕ್ಕೇ ನಿಲ್ಲದೆ ಅವನು ಒಂದು ಹೋಲಿಕೆಯನ್ನು ಸೇರಿಸುತ್ತಾನೆ: ನಿಧಿಯನ್ನು ಎಸೆಯುವ ಹಾಗೆ ಎಸೆದಳು. ಬಿಸಾಡುವ ಕ್ರಿಯೆಗೂ ಬಿಸಾಡಿದ ವಸ್ತುವಿನ ಬೆಲೆಗೂ ಸಂಬಂಧವಿಲ್ಲ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಯಾರು ಹೇಳಿಯಾರು? ಆ ಕೂಸು ಸೂತನೊಬ್ಬನ ಮನೆಯನ್ನು ಸೇರಿತು, ರಾಧೆ ಅದಕ್ಕೆ ತಾಯಿಯಾದಳು, ಮತ್ತು ಕುಂತಿಯ ಕೈಯಿಂದ ಇಳಿದ ಆ ಎಲೆಯನ್ನು ಮುಂದೆ ಹಸ್ತಿನಾವತಿಯಲ್ಲಿ ದುರ್ಯೋಧನ ಎತ್ತಿಕೊಂಡ. ಯುದ್ಧ ಹತ್ತಿರವಾದಾಗ ಅದನ್ನು ಮರಳಿ ಕೇಳಲು ಕುಂತಿ ಬಂದಳು. ಅಷ್ಟು ಹೊತ್ತಿಗೆ ಅದು ಇನ್ನೊಬ್ಬನ ಕೈಯಲ್ಲಿ ಜೋಡಿಯಾಗಿ ಕುಳಿತಿತ್ತು.

ನ್ಯಾಯಾಲಯದ ಇಂಗ್ಲಿಷಿನಲ್ಲೂ ಈ ಪದಕ್ಕೆ ತೂಕದ ಸ್ಥಾನವಿದೆ. ಸಾಕ್ಷಿಯೊಬ್ಬ ಪ್ರತಿಕೂಲನಾದ ಮಾತ್ರಕ್ಕೆ ಅವನ ಹೇಳಿಕೆಯನ್ನೆಲ್ಲ ಡಿಸ್ಕಾರ್ಡ್ ಮಾಡಬೇಕಿಲ್ಲ, ನಂಬಲು ಅರ್ಹವಾದ ಭಾಗವನ್ನು ಬೇರೆ ಪುರಾವೆಗಳ ಜೊತೆಗಿಟ್ಟು ನೋಡಬಹುದು ಎಂದು ನಮ್ಮ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಇಲ್ಲಿ ಕನ್ನಡದ ವರದಿಗಾರರು ಬರೆಯುವ ‘ತಳ್ಳಿಹಾಕು’ ಎಂಬ ಪದ ಚೆನ್ನಾಗಿ ಹೊಂದುತ್ತದೆ.

ಮೀನುಗಾರಿಕೆಯಲ್ಲಿ ಇದು ನಾಮಪದವಾಗಿ ನಿಂತಿದೆ. ಬಲೆಗೆ ಬಿದ್ದರೂ ಬೆಲೆ ಬಾರದೆಂದು ದೋಣಿಯಿಂದಲೇ ಕಡಲಿಗೆ ಮರಳಿ ಎಸೆದ ಮೀನುಗಳು ‘ಡಿಸ್ಕಾರ್ಡ್ಸ್’. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ಅಂದಾಜಿನಂತೆ ಜಗತ್ತಿನ ಕಡಲುಗಳಲ್ಲಿ ವರ್ಷಕ್ಕೆ 91 ಲಕ್ಷ ಟನ್ ಮೀನು ಹೀಗೆ ಮರಳಿ ನೀರಿಗೆ ಬೀಳುತ್ತದೆ. ಅವುಗಳಲ್ಲಿ ಬಹಳಷ್ಟು ಆಗಲೇ ಸತ್ತಿರುತ್ತವೆ. ನಮ್ಮ ಮಂಗಳೂರಿನ ಟ್ರಾಲ್ ದೋಣಿಗಳು ಒಂದು ಕಾಲಕ್ಕೆ ಕಡಲಿಗೇ ಎಸೆಯುತ್ತಿದ್ದ ಸಣ್ಣಪುಟ್ಟ ಮೀನಿನಲ್ಲಿ ಒಳ್ಳೆಯ ಪಾಲು ಈಗ ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗಾಗಿ ದಡಕ್ಕೆ ಬರುತ್ತಿದೆ. ಎಸೆದದ್ದನ್ನು ಎತ್ತಿಕೊಳ್ಳುವ ಕೈ ಹುಟ್ಟಿತು. ಅದರಿಂದಾಗಿ ಮರಿಮೀನುಗಳನ್ನೂ ಬಿಡದೆ ಹಿಡಿಯುವ ಆಸೆಯೂ ಹುಟ್ಟಿತು. ಇದರ ಬಗ್ಗೆ ಕರಾವಳಿಯ ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ.

ಮತ್ತೆ ಆ ಕೈಪಿಡಿಗೆ ಬರುತ್ತೇನೆ, ಏಕೆಂದರೆ ಈ ಪದದ ತಪ್ಪು ಅನುವಾದದಿಂದ ನೇರವಾಗಿ ಹಾನಿಯಾಗುವ ಜಾಗ ಅದು. ಆಸ್ಪತ್ರೆಯ ಇಂಗ್ಲಿಷಿನಲ್ಲಿ ಡಿಸ್ಕಾರ್ಡ್ ಎಂದರೆ ಒಂದರ ಹಿಂದೆ ಒಂದು ಬರುವ ಎರಡು ಕೆಲಸಗಳು. ಮೊದಲನೆಯದು ಬಳಕೆಯನ್ನು ನಿಲ್ಲಿಸುವುದು: ಇನ್ನು ಮುಂದೆ ಈ ಬಾಟಲಿಯಿಂದ ಯಾವ ಮಗುವಿಗೂ ಲಸಿಕೆ ಇಲ್ಲ. ಎರಡನೆಯದು ಅದನ್ನು ಸರಿಯಾದ ಜಾಗಕ್ಕೆ ಸೇರಿಸುವುದು. ಎರಡರ ನಡುವೆ ಸ್ವಲ್ಪ ಕಾಲ ಇರಬಹುದು, ಇರಲೂಬೇಕು. ಲಸಿಕೆ ಪಡೆದ ಮಗುವಿಗೆ ಏನಾದರೂ ತೊಂದರೆ ಕಾಣಿಸಿಕೊಂಡರೆ ತನಿಖೆಗೆ ಬೇಕಾಗುವುದರಿಂದ, ತೆರೆದ ಬಾಟಲಿಯನ್ನು ಕೂಡಲೇ ಬಿಸಾಡದೆ ಗುರುತು ಹಾಕಿ ಬೇರೆಯಾಗಿ ಇಡುತ್ತಾರೆ. ಆ ಸಿಸ್ಟರ್ ಕೇಳಿದ್ದು ಇದನ್ನೇ. ಅಲ್ಲೇ ಚೆಲ್ಲಿದರೆ ತನಿಖೆಯ ಪುರಾವೆ ಹೋಯಿತು, ಗುರುತಿಲ್ಲದೆ ವಾಪಸ್ ತಂದಿಟ್ಟರೆ ಮರುದಿನ ಯಾರಾದರೂ ಅದನ್ನು ಬಳಸಬಹುದು.

ಎರಡನೆಯ ಕೆಲಸಕ್ಕೂ ನಿಯಮವಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವಧಿ ಮೀರಿದ ಔಷಧಿ, ರಕ್ತ ತಾಗಿದ ಹತ್ತಿ ಹಳದಿ ಬಣ್ಣದ ಚೀಲಕ್ಕೆ ಹೋಗಬೇಕು. ಬಳಸಿದ ಪ್ಲಾಸ್ಟಿಕ್ ಕೊಳವೆಗಳು, ಸೂಜಿಯಿಲ್ಲದ ಸಿರಿಂಜುಗಳು ಕೆಂಪಿಗೆ. ಸೂಜಿ ಮತ್ತು ಬ್ಲೇಡುಗಳು ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಿಗೆ. ಔಷಧಿಯ ಗಾಜಿನ ಬಾಟಲಿಗಳು ನೀಲಿಗೆ. ಸೂಜಿಯನ್ನು ಹಬ್ ಕಟರಿನಲ್ಲಿ ಕತ್ತರಿಸಿದ ಮೇಲೆ ಸಿರಿಂಜಿಗೊಂದು ದಾರಿ, ಸೂಜಿಗೊಂದು ದಾರಿ. ಈ ಸಾಲಿನ ಕೊನೆಯಲ್ಲಿ ಚೀಲಗಳನ್ನು ಎತ್ತುವ ಪೌರಕಾರ್ಮಿಕರ ಬರಿಗೈ ಇರುತ್ತದೆ ಎಂಬುದನ್ನು ‘ಬಿಸಾಡಿ’ ಎಂದು ಸುಲಭವಾಗಿ ಬರೆಯುವ ನನ್ನಂಥವರು ಮರೆತುಬಿಡುತ್ತೇವೆ. ತಪ್ಪಾದ ಬುಟ್ಟಿಗೆ ಬಿದ್ದ ಒಂದು ಸೂಜಿ ಸಾಕು.

ನಾನು ಕರಡನ್ನು ಮನೆಗೆ ತಂದು ಮೊದಲಿನಿಂದ ತಿದ್ದಿದೆ. ಒಂದು ಪದಕ್ಕೆ ಒಂದೇ ಪದವಿರಬೇಕೆಂಬ ಹಟವನ್ನು ಬಿಟ್ಟೆ. ಎಲ್ಲಿ ಬಳಕೆ ನಿಲ್ಲಿಸಬೇಕೋ ಅಲ್ಲಿ ‘ಇನ್ನು ಬಳಸಬೇಡಿ’ ಎಂದು, ಎಲ್ಲಿ ಬೇರೆಯಾಗಿಡಬೇಕೋ ಅಲ್ಲಿ ‘ಗುರುತು ಹಾಕಿ ಬೇರೆ ಚೀಲದಲ್ಲಿಟ್ಟು ಕೇಂದ್ರಕ್ಕೆ ತನ್ನಿ’ ಎಂದು, ಎಲ್ಲಿ ಬುಟ್ಟಿಗೆ ಹಾಕಬೇಕೋ ಅಲ್ಲಿ ಬುಟ್ಟಿಯ ಬಣ್ಣವನ್ನೇ ಹೆಸರಿಸಿ ‘ನೀಲಿ ಡಬ್ಬಿಗೆ ಹಾಕಿ’ ಎಂದು ಬರೆದೆ. ಪುಟಗಳ ಸಂಖ್ಯೆ ಸ್ವಲ್ಪ ಹೆಚ್ಚಾಯಿತು.

ಮುಂದಿನ ಸಭೆಯಲ್ಲಿ ಅದೇ ಸಿಸ್ಟರ್ ತಿದ್ದಿದ ಪ್ರತಿಯನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಎರಡು ಕಡೆ ತಲೆದೂಗಿದರು. ಮತ್ತೆ ಕೊನೆಯ ಪುಟಗಳಿಗೆ ಹೋಗಿ, ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿದ್ದ ಒಂದು ‘ತ್ಯಜಿಸಿ’ಗೆ ಪೆನ್ಸಿಲಿನಿಂದ ಸುತ್ತು ಹಾಕಿ, ಪ್ರತಿಯನ್ನು ನನ್ನ ಕಡೆಗೆ ತಿರುಗಿಸಿದರು.